ಹೆರಿಗೆ ದಿನದ ಲೆಕ್ಕ: ಮೊದಲ ಮೂರು ತಿಂಗಳಲ್ಲೇ ಏಕೆ?



ನಮ್ಮ ವೈದ್ಯಕೀಯ ನೆರವು ನಿಧಿಗೆ ಹೆರಿಗೆಯ ಸಂಬಂಧವಾಗಿ ಬರುವ ಅರ್ಜಿಗಳಲ್ಲಿ ಹೆಚ್ಚಿನವು ಕೊನೆಯ ಗಳಿಗೆಯವು. ಮಗು ನವಜಾತ ಶಿಶು ಘಟಕ ಸೇರಿದ ಮೇಲೆ, ಬಿಲ್ಲು ಕೈಗೆ ಬಂದ ಮೇಲೆ ಬರುವಂಥವು. ಈ ಸಲ ಗರ್ಭಿಣಿಯರ ಮೊದಲ ಸ್ಕ್ಯಾನಿಗೂ ನಿಧಿಯಿಂದ ಹಣ ಕೊಡಬೇಕೆಂದು ಸಮಿತಿ ತೀರ್ಮಾನಿಸಿದಾಗ ಕೆಲವು ದಾನಿಗಳು, "ಕಾಯಿಲೆಯೇ ಇಲ್ಲದವರಿಗೆ ನೆರವು ಯಾಕೆ?" ಎಂದು ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ಹೆರಿಗೆ ವಾರ್ಡಿನಲ್ಲಿ ಮೂವತ್ತು ವರ್ಷ ದಾದಿಯಾಗಿ ದುಡಿದವಳೆಂದು ಉತ್ತರ ಬರೆಯುವ ಕೆಲಸ ನನ್ನ ಪಾಲಿಗೆ ಬಂತು.

ವಿಶಾಖಪಟ್ಟಣದ ಕಿಂಗ್ ಜಾರ್ಜ್ ಆಸ್ಪತ್ರೆಗೆ ಹೋಗಿ, ಜನ ಘೋಷಾ ಆಸ್ಪತ್ರೆ ಎನ್ನುವ ಸರ್ಕಾರಿ ವಿಕ್ಟೋರಿಯಾ ಆಸ್ಪತ್ರೆಗೆ ಹೋಗಿ, ವಿಜಯವಾಡದ ಸರ್ಕಾರಿ ಜನರಲ್ ಆಸ್ಪತ್ರೆಗೆ ಹೋಗಿ, ಬಸುರಿಯನ್ನು ಮೊದಲು ಕೇಳುವ ಮಾತು ಒಂದೇ: "ಎನ್ನೋ ನೆಲ?" ತೆಲುಗಿನಲ್ಲಿ ನೆಲ ಎಂದರೆ ತಿಂಗಳು. ಗದಗ, ಹಾವೇರಿ ಕಡೆಯಿಂದ ಹೊಸದಾಗಿ ಬಂದ ಹೆಣ್ಣುಮಗಳು ಪಾಪ, ಕೆಳಗೆ ನೆಲ ನೋಡುತ್ತಾಳೆ. ಅರ್ಥವಾದ ಮೇಲೂ ತೊಡಕು ತೀರುವುದಿಲ್ಲ. "ಎಂಟು" ಎನ್ನುತ್ತಾಳೆ. ಎಂಟು ತುಂಬಿತೋ, ಏಳು ತುಂಬಿ ಎಂಟನೆಯದು ನಡೆಯುತ್ತಿದೆಯೋ? ಈ ಒಂದು ಮಾತಿನಲ್ಲಿ ನಾಲ್ಕು ವಾರದ ವ್ಯತ್ಯಾಸವಿದೆ.

ಪಂಚಾಂಗದ ತಿಂಗಳು ಎಣಿಸುವವರದು ಇನ್ನೊಂದು ಬಗೆ. 2023ರಲ್ಲಿ ಅಧಿಕ ಶ್ರಾವಣ ಬಂದಿತ್ತು, ಜುಲೈ 18ರಿಂದ ಆಗಸ್ಟ್ 16ರವರೆಗೆ. ಜ್ಯೇಷ್ಠದಲ್ಲಿ ಮುಟ್ಟಾದ ಮೇಲೆ ಬಸುರಾದವರು ಆಷಾಢ, ಶ್ರಾವಣ, ಭಾದ್ರಪದ ಎಂದು ಬೆರಳು ಮಡಿಸುತ್ತಾ ಹೋದರೆ ಒಂದು ಶ್ರಾವಣ ಬಿಟ್ಟೇ ಹೋಗುತ್ತದೆ. ಹೊಟ್ಟೆಯಲ್ಲಿರುವ ಮಗುವಿಗೆ ಅಧಿಕಮಾಸದ ವಿನಾಯಿತಿ ಇಲ್ಲ.

ಆಸ್ಪತ್ರೆಯ ಲೆಕ್ಕ ವಾರಗಳದ್ದು. ಕೊನೆಯ ಸಲ ಮುಟ್ಟಾದ ಮೊದಲ ದಿನದಿಂದ 280 ದಿನ, ಅಂದರೆ 40 ವಾರ. ಸುಲಭ ದಾರಿ ಇದು: ಆ ದಿನಕ್ಕೆ ಏಳು ದಿನ ಮತ್ತು ಒಂಬತ್ತು ತಿಂಗಳು ಕೂಡಿಸಿ. ಜನವರಿ 10ಕ್ಕೆ ಮುಟ್ಟಾಗಿದ್ದರೆ ಅಕ್ಟೋಬರ್ 17. ಜರ್ಮನಿಯ ಪ್ರಸೂತಿ ತಜ್ಞ ನೇಗೆಲೆಯ ಹೆಸರಿನ ಈ ಸೂತ್ರ ಸುಮಾರು ಇನ್ನೂರು ವರ್ಷದ್ದು, ಇವತ್ತಿಗೂ ನಡೆಯುತ್ತಿದೆ. ಗರ್ಭ ನಿಲ್ಲುವುದು ಮುಟ್ಟಾಗಿ ಸುಮಾರು ಎರಡು ವಾರಕ್ಕೆ. ಹಾಗಾಗಿ ಮೊದಲ ಎರಡು ವಾರ ಲೆಕ್ಕದಲ್ಲಿ ಮಾತ್ರ ಬಸುರು. "ನಲವತ್ತು ವಾರ ಅಂದ್ರೆ ಹತ್ತು ತಿಂಗಳಾಯ್ತಲ್ಲ ಸಿಸ್ಟರ್" ಎಂದು ಎಷ್ಟು ಅತ್ತೆಯರು ನನ್ನನ್ನು ಕೇಳಿದ್ದಾರೋ! ನಾಲ್ಕು ವಾರಕ್ಕೆ ಒಂದು ತಿಂಗಳೆಂದರೆ ಹತ್ತು ನಿಜ. ಕ್ಯಾಲೆಂಡರಿನಲ್ಲಿ ಅದು ಒಂಬತ್ತು ತಿಂಗಳು ಒಂದು ವಾರ.

28 ದಿನಕ್ಕೊಮ್ಮೆ ಸರಿಯಾಗಿ ಮುಟ್ಟಾಗುವವರಿಗೆ ಈ ಸೂತ್ರ ಹೊಂದುತ್ತದೆ. 35 ದಿನದ ಚಕ್ರವಾದರೆ ಇನ್ನೂ ಒಂದು ವಾರ ಸೇರಿಸಬೇಕು. ಮುಟ್ಟು ಏರುಪೇರಾಗುವವರಿಗೆ, ಮೊದಲ ಮಗುವಿಗೆ ಹಾಲೂಡಿಸುತ್ತಿರುವಾಗಲೇ ಮತ್ತೆ ಬಸುರಾದವರಿಗೆ ಸೂತ್ರವೇ ಇಲ್ಲ. ಅಂಥವರಿಗೆ ಬೇಗ ಮಾಡಿಸಿದ ಸ್ಕ್ಯಾನ್ ಒಂದೇ ಆಧಾರ. 11ರಿಂದ 13 ವಾರದ ಹೊತ್ತಿಗೆ ಮಗುವಿನ ನೆತ್ತಿಯಿಂದ ಪೃಷ್ಠದವರೆಗಿನ ಉದ್ದ ಅಳೆದರೆ ಹೆಚ್ಚೆಂದರೆ ಒಂದು ವಾರದ ಆಚೀಚೆಯಲ್ಲಿ ದಿನ ಸಿಗುತ್ತದೆ. ಆ ಹಂತದಲ್ಲಿ ಕೂಸುಗಳೆಲ್ಲ ಹೆಚ್ಚುಕಡಿಮೆ ಒಂದೇ ವೇಗದಲ್ಲಿ ಬೆಳೆಯುವುದೇ ಕಾರಣ. ತಿಂಗಳು ಕಳೆದಂತೆ ತಾಯಿಯ ಆಹಾರ, ಬಿ.ಪಿ., ಮನೆತನದ ಮೈಕಟ್ಟು ಎಲ್ಲ ಸೇರಿ ಒಂದೊಂದು ಒಂದೊಂದು ಗಾತ್ರಕ್ಕೆ ಬರುತ್ತವೆ. ಕೊನೆಯ ಮೂರು ತಿಂಗಳ ಸ್ಕ್ಯಾನ್ ಮೂರು ವಾರದಷ್ಟು ತಪ್ಪಬಹುದು.

ಪ್ರತಿ ಸ್ಕ್ಯಾನಿನ ವರದಿಯಲ್ಲೂ ಹೊಸ ದಿನಾಂಕ ಕಂಡು ಗಾಬರಿಯಾಗುವವರಿಗೆ ನಾನು ಹೇಳುವುದಿಷ್ಟೇ: ಮೊದಲು ಸರಿಯಾಗಿ ಗೊತ್ತುಮಾಡಿದ ದಿನವನ್ನು ಆಮೇಲೆ ಬದಲಿಸಬಾರದು. ಮುಂದಿನ ಸ್ಕ್ಯಾನುಗಳು ಹೇಳುವುದು ಮಗು ಎಷ್ಟು ದೊಡ್ಡದಾಗಿದೆ ಎಂದು, ಎಷ್ಟು ದಿನದ್ದು ಎಂದಲ್ಲ.

ಇದರಲ್ಲಿ ಜೀವದ ಪ್ರಶ್ನೆ ಎಲ್ಲಿದೆ ಎಂಬುದಕ್ಕೆ ನಿಧಿಗೆ ಬಂದ ಒಂದು ಅರ್ಜಿಯನ್ನೇ ಹೇಳುತ್ತೇನೆ. ವಿಜಯವಾಡದ ಬಳಿ ಕಟ್ಟಡ ಕೆಲಸಕ್ಕೆ ಬಂದ ಉತ್ತರ ಕರ್ನಾಟಕದ ದಂಪತಿ. ಆಕೆ ಮೊದಲ ಸಲ ಡಾಕ್ಟರನ್ನು ಕಂಡದ್ದೇ ತಿಂಗಳು ತುಂಬುವ ಹೊತ್ತಿಗೆ. ತನ್ನ ಲೆಕ್ಕದಲ್ಲಿ ಒಂಬತ್ತು ತುಂಬಿದೆ ಎಂದಳು. ಸ್ಕ್ಯಾನ್ 33 ವಾರ ಎಂದಿತು. ಅವಳ ಲೆಕ್ಕ ತಪ್ಪಾಗಿದ್ದರೆ ಮಗು ಇನ್ನೂ ಹಸಿ, ಕಾಯಬೇಕು. ಲೆಕ್ಕ ಸರಿಯಿದ್ದರೆ ಮಗು ಒಳಗೆ ಬೆಳೆಯದೆ ಸೊರಗುತ್ತಿದೆ, ಕಾಯಬಾರದು. ಎರಡಕ್ಕೂ ಚಿಕಿತ್ಸೆ ತದ್ವಿರುದ್ಧ, ಯಾವುದೆಂದು ತೀರ್ಮಾನಿಸಲು ಒಂದು ಹಳೆಯ ಚೀಟಿಯೂ ಇಲ್ಲ. ದಿನ ಬಿಟ್ಟು ದಿನ ಮಗುವಿನ ಎದೆಬಡಿತ ನೋಡುತ್ತಾ, ಅದು ಇಳಿಯತೊಡಗಿದಾಗ ಶಸ್ತ್ರಚಿಕಿತ್ಸೆ ಮಾಡಿದರು. 1.9 ಕಿಲೋ ತೂಕ. ಒಣಗಿದ ಚರ್ಮ, ಬೆಳೆದ ಉಗುರು, ಅಂಗಾಲಿನ ತುಂಬ ಗೆರೆ: ದಿನ ತುಂಬಿದ ಮಗುವೇ. ತಾಯಿಯ ಲೆಕ್ಕ ಸರಿಯಿತ್ತು, ಒಪ್ಪಿಕೊಳ್ಳಲು ಆಧಾರವಿರಲಿಲ್ಲ. ಹನ್ನೊಂದು ದಿನ ಘಟಕದಲ್ಲಿದ್ದು ಮಗು ಮನೆಗೆ ಬಂತು. ಸಾವಿರ ಚಿಲ್ಲರೆ ರೂಪಾಯಿಯ ಸ್ಕ್ಯಾನ್ ಸಮಯಕ್ಕೆ ಆಗಿದ್ದರೆ ಉಳಿಯುತ್ತಿದ್ದ ಖರ್ಚೂ ಆತಂಕವೂ ಎಷ್ಟೆಂದು ನೀವೇ ಊಹಿಸಿ.

ಬಸುರಿನ ಹಂತಗಳೂ ಈ ದಿನಾಂಕಕ್ಕೇ ತಗಲಿಕೊಂಡಿವೆ. ಮೊದಲ ಮೂರು ತಿಂಗಳಲ್ಲಿ ಮಗುವಿನ ಅಂಗಾಂಗಗಳೆಲ್ಲ ರೂಪುಗೊಳ್ಳುತ್ತವೆ; ವಾಂತಿ, ಸುಸ್ತು ಎಂದು ತಾಯಿ ಮಲಗಿರುವ ಕಾಲವೇ ಅದು. ಫೋಲಿಕ್ ಆ್ಯಸಿಡ್ ಮಾತ್ರೆ ಆಗಲೇ ಬೇಕು. ಅದಾದ ಮೇಲೆ ಕಬ್ಬಿಣ, ಕ್ಯಾಲ್ಸಿಯಂ. 18ರಿಂದ 20 ವಾರದೊಳಗೆ ಅಂಗಾಂಗ ನೋಡುವ ಸ್ಕ್ಯಾನ್. ಚೊಚ್ಚಲು ಬಸುರಿಗೆ ಮಗು ಮಿಸುಕಾಡುವುದು ತಿಳಿಯುವುದೂ ಸರಿಸುಮಾರು ಆಗಲೇ. 28 ವಾರದ ನಂತರ ಕಣ್ಣಿಡಬೇಕಾದ್ದು ಬಿ.ಪಿ. ಮತ್ತು ಮಗುವಿನ ಚಲನೆಯ ಮೇಲೆ. 34 ವಾರಕ್ಕೆ ಮುಂಚೆ ನೋವು ಬಂದರೆ ಮಗುವಿನ ಶ್ವಾಸಕೋಶ ಬಲಿಯಲು ತಾಯಿಗೆ ಇಂಜೆಕ್ಷನ್ ಕೊಡುತ್ತಾರೆ. 37ಕ್ಕೆ ಮುಂಚೆ ಹುಟ್ಟಿದರೆ ದಿನ ತುಂಬದ ಮಗು. 41 ದಾಟಿದರೆ ನೋವು ಬರಿಸುವ ಮಾತು. ವಾರ ಗೊತ್ತಿಲ್ಲದಿದ್ದರೆ ಇದರಲ್ಲಿ ಯಾವುದನ್ನೂ ಧೈರ್ಯವಾಗಿ ಮಾಡಲಾಗದು. ಅಂದಹಾಗೆ ಕೊಟ್ಟ ದಿನಕ್ಕೇ ಹುಟ್ಟುವ ಮಕ್ಕಳು ನೂರಕ್ಕೆ ನಾಲ್ಕೈದು ಮಾತ್ರ. ಆ ದಿನ ನೋವು ಬರಲಿಲ್ಲವೆಂದು ಹೆದರಬೇಡಿ.

ಸೀಮಂತ ಮುಗಿಸಿ ತವರಿಗೆ ಹೊರಡುವವರಿಗೆ ಒಂದು ಮಾತು. ಇಲ್ಲಿ ಕೊಟ್ಟ ತಾಯಿ-ಮಗು ರಕ್ಷಣಾ ಕಾರ್ಡು ಮತ್ತು ಮೊದಲ ಸ್ಕ್ಯಾನಿನ ವರದಿ ಸೀರೆಗಳ ಜೊತೆ ಪೆಟ್ಟಿಗೆಗೆ ಹೋಗದೆ ಕೈಚೀಲದಲ್ಲಿರಲಿ. ನಮ್ಮೂರಲ್ಲಿ ತಾಯಿ ಕಾರ್ಡ್ ಎನ್ನುವುದು ಅದನ್ನೇ. ಬಳ್ಳಾರಿಯ ಡಾಕ್ಟರೂ ಅದನ್ನು ಓದಬಲ್ಲರು. ರಕ್ತಸ್ರಾವ, ನೀರು ಒಡೆಯುವುದು, ವಿಪರೀತ ತಲೆನೋವು, ಕಣ್ಣು ಮಂಜಾಗುವುದು, ಮಗುವಿನ ಚಲನೆ ಕಡಿಮೆಯಾಗುವುದು: ಇವುಗಳಲ್ಲಿ ಒಂದು ಕಂಡರೂ ತಕ್ಷಣ 108ಕ್ಕೆ ಕರೆ ಮಾಡಿ.

ನಿಧಿಯ ಹಣದಿಂದ ಸ್ಕ್ಯಾನ್ ಮಾಡಿಸಿದರೂ ಗಂಡೋ ಹೆಣ್ಣೋ ಎಂದು ಯಾರೂ ಕೇಳುವಂತಿಲ್ಲ. 1994ರ ಕಾಯ್ದೆಯಡಿ ಅದು ಅಪರಾಧ. ಸರ್ಕಾರಿ ಆಸ್ಪತ್ರೆಗಳಲ್ಲಿ ಪ್ರತಿ ತಿಂಗಳ 9ನೇ ತಾರೀಖು ಗರ್ಭಿಣಿಯರಿಗೆ ಉಚಿತ ತಪಾಸಣೆ ಇರುತ್ತದೆ. ನಮ್ಮ ಹಣ ಹೋಗುವುದು ಅಲ್ಲಿಗೆ ಹೋಗಲಾಗದವರಿಗೆ, ಸ್ಕ್ಯಾನಿನ ಸರದಿ ಬರುವಷ್ಟರಲ್ಲಿ 13 ವಾರ ದಾಟಿಹೋಗುವವರಿಗೆ.

ಸದಸ್ಯರಲ್ಲಿ ನನ್ನ ಕೋರಿಕೆ ಇಷ್ಟು. ನಿಮ್ಮ ಬೀದಿಯಲ್ಲಿ, ಕೆಲಸದ ಜಾಗದಲ್ಲಿ ಹೊಸದಾಗಿ ಬಂದ ಕನ್ನಡದ ಹೆಣ್ಣುಮಗಳು ಬಸುರಿಯೆಂದು ತಿಳಿದರೆ ಕೊನೆಯ ಮುಟ್ಟಿನ ತಾರೀಖು ಕೇಳಿ, ಅವಳ ಮನೆಯ ಕ್ಯಾಲೆಂಡರಿನಲ್ಲೇ ಗುರುತು ಹಾಕಿಸಿ, ಆ ವಾರವೇ ಸಂಘದ ಕಚೇರಿಗೆ ತಿಳಿಸಿ. ಅವಳ ಜೊತೆ ಆಸ್ಪತ್ರೆಗೆ ಹೋಗಿ ತೆಲುಗಿನಲ್ಲಿ ಮಾತಾಡಲು ನಾವು ಮೂವರು ಹೆಂಗಸರು ಸಿದ್ಧರಿದ್ದೇವೆ.