ಪರ್ಸಿಮನ್ ಹಣ್ಣಿನ ಒಗರು ಹೋಗುವ ಬಗೆ

ಹಿಮಾಚಲ ಪ್ರದೇಶದ ಕುಲು ಕಣಿವೆಯಲ್ಲಿ ‘ಜಪಾನಿ ಫಲ’ ಎಂದು ಕರೆಯುವ ಪರ್ಸಿಮನ್ ಹಣ್ಣು ನೋಡಲು ಟೊಮ್ಯಾಟೊದಂತಿದ್ದು, ಅಕ್ಟೋಬರ್-ನವೆಂಬರ್ ತಿಂಗಳುಗಳಲ್ಲಿ ಕೊಯ್ಲಿಗೆ ಬರುತ್ತದೆ. ದಕ್ಷಿಣದಲ್ಲಿ ಇದು ನೀಲಗಿರಿಯ ಕೂನೂರಿನಂತಹ ತಂಪು ಎತ್ತರಗಳಿಗೆ ಒಗ್ಗುವ ಬೆಳೆ. ನಮ್ಮ ಕಾಡುಗಳ ಬೀಡಿ ಎಲೆಯ ಮರವೂ ಇದೇ ಕುಲಕ್ಕೆ ಸೇರಿದ್ದೆಂದರೆ ಓದುಗರಿಗೆ ಆಶ್ಚರ್ಯವಾಗಬಹುದು.

ಈ ಹಣ್ಣಿನಲ್ಲಿ ಎರಡು ಬಗೆ. ಫುಯು, ಜಿರೊ ತಳಿಗಳು ಗಿಡದಲ್ಲೇ ಒಗರು ಕಳೆದುಕೊಳ್ಳುವುದರಿಂದ ಗಟ್ಟಿಯಿರುವಾಗಲೇ ತಿನ್ನಬಹುದು. ಆದರೆ ಬೇಸಿಗೆಯ ಶಾಖ ಸಾಲದ ಕಡೆ ಇವುಗಳಲ್ಲೂ ಒಗರು ಉಳಿಯುವುದುಂಟು. ಹಚಿಯಾದಂತಹ ತಳಿಗಳು ಬಣ್ಣ ತುಂಬಿದ್ದರೂ ಕಚ್ಚಿದೊಡನೆ ಬಾಯಿ ಕಟ್ಟುತ್ತವೆ. ಹಾಗೆ ಒಮ್ಮೆ ಮೋಸಹೋದ ಗಿರಾಕಿ ಮತ್ತೆ ಆ ಹಣ್ಣಿನ ಕಡೆ ಸುಳಿಯುವುದಿಲ್ಲ. ಮೆತ್ತಗಾಗುವವರೆಗೆ ಕಾದರೆ ಒಗರೇನೋ ಹೋಗುತ್ತದೆ; ಆದರೆ ಲೋಳೆಯಂತಾದ ಹಣ್ಣು ಲಾರಿಯ ಕುಲುಕಾಟ ತಡೆಯದು. ಬೆಳೆಗಾರನ ತೊಡಕು ಇರುವುದು ಇಲ್ಲಿಯೇ.

ಒಗರಿಗೆ ಕಾರಣ ಟ್ಯಾನಿನ್. ತಿರುಳಿನ ವಿಶೇಷ ಜೀವಕೋಶಗಳಲ್ಲಿ ಇದು ಕರಗಿದ ರೂಪದಲ್ಲಿರುತ್ತದೆ. ಕಚ್ಚಿದಾಗ ಕೋಶಗಳು ಒಡೆದು, ಟ್ಯಾನಿನ್ ಜೊಲ್ಲಿನ ಪ್ರೋಟೀನಿಗೆ ಅಂಟಿಕೊಂಡು, ನಾಲಿಗೆಯ ಜಾರುಗುಣ ಹೋಗಿಬಿಡುತ್ತದೆ. ಸಕ್ಕರೆ ಮೊದಲಿನಿಂದಲೂ ಇರುತ್ತದೆ, ಒಗರು ಅದನ್ನು ಮುಚ್ಚಿರುತ್ತದೆ ಅಷ್ಟೆ.

ಇಲ್ಲಿ ಒಂದು ಮಾತು ಮುಖ್ಯ. ಒಗರು ಹೋಗುವುದೆಂದರೆ ಟ್ಯಾನಿನ್ ಹಣ್ಣಿನಿಂದ ಹೊರಹೋಗುವುದಲ್ಲ. ಗೇರುಹಣ್ಣಿನ ರಸಕ್ಕೆ ಸಾಬಕ್ಕಿ ಗಂಜಿ ಬೆರೆಸಿ ನಾವು ಟ್ಯಾನಿನನ್ನು ತಳಕ್ಕಿಳಿಸಿ ಬೇರ್ಪಡಿಸುತ್ತೇವೆ. ಪರ್ಸಿಮನ್‌ನಲ್ಲಿ ಅದು ಇದ್ದಲ್ಲಿಯೇ ಹೆಪ್ಪುಗಟ್ಟಿ ಕರಗದಂತಾಗುತ್ತದೆ. ಹೆಪ್ಪುಗಟ್ಟಿಸುವ ವಸ್ತು ಅಸಿಟಾಲ್ಡಿಹೈಡ್. ಹಣ್ಣಿಗೆ ಆಮ್ಲಜನಕ ಸಿಗದಂತೆ ಮಾಡಿದರೆ ಅದರ ಉಸಿರಾಟದ ರೀತಿ ಬದಲಾಗಿ ಈ ವಸ್ತು ಒಳಗೇ ತಯಾರಾಗುತ್ತದೆ. ಮದ್ಯಸಾರ ಸೋಕಿಸಿದರೂ ಹಣ್ಣು ಅದನ್ನು ಅಸಿಟಾಲ್ಡಿಹೈಡ್ ಆಗಿ ಮಾರ್ಪಡಿಸುತ್ತದೆ. ಜಪಾನಿನವರು ಹಿಂದೆ ಖಾಲಿಯಾದ ಸಾಕೆ ಮದ್ಯದ ಪೀಪಾಯಿಗಳಲ್ಲಿ ಹಣ್ಣು ತುಂಬಿಡುತ್ತಿದ್ದುದರ ಗುಟ್ಟು ಇದೇ.

ಇನ್ನೊಂದು ಹಳೆಯ ಪದ್ಧತಿ, ಸುಮಾರು 40 ಡಿಗ್ರಿ ಸೆಲ್ಸಿಯಸ್ ಬೆಚ್ಚಗಿನ ನೀರಿನಲ್ಲಿ 15ರಿಂದ 24 ಗಂಟೆ ಮುಳುಗಿಸಿಡುವುದು. ನೀರು ಹೆಚ್ಚು ಬಿಸಿಯಾದಷ್ಟೂ ಬೇಗ ಎಂದು ತಿಳಿಯಬಾರದು; ಅತಿ ಬಿಸಿಗೆ ಹಣ್ಣಿನ ಕಿಣ್ವಗಳು ನಾಶವಾಗಿ ಒಗರು ಹಾಗೆಯೇ ನಿಲ್ಲುತ್ತದೆ. ಈಗ ದೊಡ್ಡ ಪ್ರಮಾಣದಲ್ಲಿ ಅನುಸರಿಸುವ ಕ್ರಮವೆಂದರೆ, ಗಾಳಿಯಾಡದ ಕೋಣೆಯಲ್ಲಿ 20 ಡಿಗ್ರಿಯ ಆಸುಪಾಸಿನ ಉಷ್ಣತೆಯಲ್ಲಿ ಶೇಕಡ 95ರಷ್ಟು ಇಂಗಾಲದ ಡೈಆಕ್ಸೈಡ್ ತುಂಬಿ ಸುಮಾರು ಒಂದು ದಿನ ಇಡುವುದು. ಹಣ್ಣು ಗಟ್ಟಿಯಾಗಿಯೇ ಉಳಿದು ಸಿಹಿಯಾಗುವುದರಿಂದ ದೂರದ ಮಾರುಕಟ್ಟೆಗೆ ಇದೇ ಲೇಸೆಂಬುದು ನನ್ನ ಅಭಿಪ್ರಾಯ. ಆದರೆ ಈ ಕೋಣೆಗೆ ಚೆನ್ನಾಗಿ ಗಾಳಿಯಾಡಿಸದೆ ಯಾರೂ ಕಾಲಿಡಬಾರದು, ಪ್ರಾಣಕ್ಕೇ ಅಪಾಯ. ಅವಧಿ ಮೀರಿದರೆ ತಿರುಳು ಕಂದುಬಣ್ಣಕ್ಕೆ ತಿರುಗುವುದೂ ಉಂಟು.

ಕ್ಯಾಲ್ಸಿಯಂ ಕಾರ್ಬೈಡ್ ಬಳಸಿ ಹಣ್ಣು ಮಾಡುವುದು ನಮ್ಮ ದೇಶದಲ್ಲಿ ನಿಷಿದ್ಧ. ಅದರ ಗೊಡವೆಗೆ ಹೋಗಬೇಡಿ.

ಒಗರು ಹೋಗಿದೆಯೇ ಎಂದು ತಿಳಿಯಲು ಪ್ರತಿ ತಂಡದಿಂದ ಕೆಲವು ಹಣ್ಣುಗಳನ್ನು ಅಡ್ಡಲಾಗಿ ಕೊಯ್ದು, ಫೆರಿಕ್ ಕ್ಲೋರೈಡ್ ದ್ರಾವಣದಲ್ಲಿ ಅದ್ದಿ ಒಣಗಿಸಿದ ಕಾಗದಕ್ಕೆ ಒತ್ತಬೇಕು. ಕಪ್ಪು ಗುರುತು ದಟ್ಟವಾಗಿ ಮೂಡಿದರೆ ಒಗರು ಉಳಿದಿದೆ ಎಂದರ್ಥ. ಒತ್ತಿದ ಹಣ್ಣನ್ನು ತಿನ್ನದೆ ಎಸೆಯಬೇಕು. ಒಗರು ಹಣ್ಣನ್ನು, ಅದರಲ್ಲೂ ಬರಿಹೊಟ್ಟೆಯಲ್ಲಿ, ಹೆಚ್ಚಾಗಿ ತಿಂದವರ ಜಠರದಲ್ಲಿ ಟ್ಯಾನಿನ್ ಗಟ್ಟಿ ಗಡ್ಡೆ ಕಟ್ಟಿ ಶಸ್ತ್ರಚಿಕಿತ್ಸೆಯವರೆಗೂ ಹೋದ ಪ್ರಸಂಗಗಳಿವೆ. ಆದ್ದರಿಂದ ಈ ಪರೀಕ್ಷೆ ಕೇವಲ ರುಚಿಗಾಗಿ ಅಲ್ಲ.

ಜಾಮ್ ಮಾಡುವವರಿಗೆ ಒಂದು ಸೂಚನೆ: ಒಗರು ತೆಗೆದ ಹಣ್ಣನ್ನು ಕುದಿಸಿದರೆ ಹೆಪ್ಪುಗಟ್ಟಿದ ಟ್ಯಾನಿನ್ ಮತ್ತೆ ಕರಗಿ ಒಗರು ಮರಳಿ ಬರಬಹುದು. ಮೊದಲು ಸ್ವಲ್ಪ ಹಣ್ಣನ್ನು ಕುದಿಸಿ ರುಚಿ ನೋಡಿ, ಅನಂತರ ಉಳಿದುದನ್ನು ಒಲೆಗೇರಿಸುವುದು ಕ್ಷೇಮ.