ಪ್ರೋಗ್ರಾಮಿಂಗ್ ಬಿಟ್ಟು ವಿಮಾನದ ಕೆಲಸಕ್ಕೆ

ನಮ್ಮ ವಾಚನಾಲಯಕ್ಕೆ ಭಾನುವಾರ ಬೆಳಿಗ್ಗೆ ಬರುವ ತರುಣರೊಬ್ಬರು ಹೋದ ತಿಂಗಳು ಒಂದು ಪ್ರಶ್ನೆ ಹಾಕಿದರು. ಹಿಂಜವಡಿಯಲ್ಲಿ ಆರು ವರ್ಷ ಪ್ರೋಗ್ರಾಮ್ ಬರೆದವರು, ವಯಸ್ಸು ಇಪ್ಪತ್ತೆಂಟು. "ಪೈಲಟ್ ಆಗಬೇಕೆಂದಿದ್ದೇನೆ. ಊರಿನ ಹೊಲದ ಮೇಲೆ ಸಾಲ ಎತ್ತಲು ಅಪ್ಪ ಒಪ್ಪಿದ್ದಾರೆ. ತಾವೇನನ್ನುತ್ತೀರಿ?" ಹೊಲದ ಮಾತು ಬಂದುದರಿಂದ ಸುಮ್ಮನೆ ತಲೆಯಾಡಿಸಿ ಕಳುಹಿಸಲು ನಮಗೆ ಮನಸ್ಸಾಗಲಿಲ್ಲ. ಇಂಥ ಯೋಚನೆಯವರು ಇನ್ನೂ ಕೆಲವರು ಇರುವುದರಿಂದ, ವಿಚಾರಿಸಿ ತಿಳಿದಷ್ಟನ್ನು ಇಲ್ಲಿ ಬರೆಯುತ್ತೇವೆ.

ವಾಣಿಜ್ಯ ಪೈಲಟ್ ಲೈಸೆನ್ಸ್ ಕೊಡತಕ್ಕವರು ಡಿ.ಜಿ.ಸಿ.ಎ., ಅಂದರೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದವರು. ಅದಕ್ಕೆ 200 ಗಂಟೆ ಹಾರಾಟವಾಗಿರಬೇಕು. ಅದರಲ್ಲಿ 100 ಗಂಟೆ ವಿಮಾನದ ಹೊಣೆಯನ್ನು ತಾನೇ ಹೊತ್ತಿರಬೇಕು. ಮಾರ್ಗನಿರ್ಣಯ, ಹವಾಮಾನ, ವಾಯುಯಾನದ ನಿಯಮಗಳು, ಯಂತ್ರಜ್ಞಾನ ಇವುಗಳಲ್ಲಿ ಲಿಖಿತ ಪರೀಕ್ಷೆಗಳುಂಟು. ಪ್ರೋಗ್ರಾಮ್ ಬರೆದವರಿಗೆ ಪರೀಕ್ಷೆ ಅಷ್ಟು ಭಾರವಾಗದು. ಭಾರವಾಗುವುದು ಖರ್ಚು. ಹಾರಾಟದ ಶಾಲೆಯಲ್ಲಿ ಹಣ ಗಂಟೆಯ ಲೆಕ್ಕದಲ್ಲಿ ಕರಗುವುದು. ಮಳೆಗಾಲದಲ್ಲಿ ಹಾರಾಟ ನಿಂತರೂ ಊಟ, ಬಾಡಿಗೆ ನಿಲ್ಲುವುದಿಲ್ಲ. ಲೈಸೆನ್ಸ್ ಬಂದ ಮೇಲೂ ದೊಡ್ಡ ವಿಮಾನ ಹಾರಿಸಲು ಆ ಮಾದರಿಗೆಂದೇ ಬೇರೆ ತರಬೇತಿ, ಬೇರೆ ಶುಲ್ಕ. ಇಷ್ಟಾದರೂ ನೌಕರಿ ಬಾಗಿಲಲ್ಲಿ ಕಾದು ನಿಂತಿರುವುದಿಲ್ಲ.

ಆದ್ದರಿಂದ ಒಂದು ಕಾಸು ಕಟ್ಟುವ ಮೊದಲೇ ವೈದ್ಯಕೀಯ ಪರೀಕ್ಷೆ ಮಾಡಿಸಿಕೊಳ್ಳತಕ್ಕದ್ದು. ಮೊದಲು ಎರಡನೆಯ ದರ್ಜೆಯದು, ಆಮೇಲೆ ಒಂದನೆಯ ದರ್ಜೆಯದು. ಕನ್ನಡಕವಿದ್ದ ಮಾತ್ರಕ್ಕೆ ಅಡ್ಡಿಯಿಲ್ಲ (ಹಾಗೆಂದು ತಿಳಿದು ಆಸೆ ಬಿಟ್ಟವರು ಎಷ್ಟೋ ಜನ). ಬಣ್ಣ ಗುರುತಿಸುವುದರಲ್ಲಿ ದೋಷವಿದ್ದರೆ ಮಾತ್ರ ದಾರಿ ಕಷ್ಟ. ಹೊಲ ಅಡವಿಟ್ಟ ಮೇಲೆ ಇದು ತಿಳಿಯಬಾರದು.

ವಿಮಾನ ಸಂಚಾರ ನಿಯಂತ್ರಕರನ್ನು ವಿಮಾನ ನಿಲ್ದಾಣ ಪ್ರಾಧಿಕಾರದವರು ಪರೀಕ್ಷೆ ನಡೆಸಿ ತೆಗೆದುಕೊಳ್ಳುತ್ತಾರೆ. ಭೌತಶಾಸ್ತ್ರ, ಗಣಿತ ಓದಿದ ಪದವೀಧರರಿಗೆ ಒಳ್ಳೆಯ ದಾರಿ, ಲಕ್ಷಗಟ್ಟಲೆ ಸುರಿಯಬೇಕಿಲ್ಲ. ಆದರೆ ಸಾಮಾನ್ಯ ವರ್ಗದವರಿಗೆ ಇಟ್ಟ ವಯೋಮಿತಿ 27. ನಮ್ಮ ತರುಣರಿಗೆ ಸ್ವಲ್ಪದರಲ್ಲಿ ತಪ್ಪಿತು. ತಮ್ಮ ತಂಗಿಯರಿರುವವರು ಇದನ್ನು ಗಮನಿಸಬೇಕು.

ಇನ್ನೊಂದು ದಾರಿಯಲ್ಲಿ ಕಲಿತ ವಿದ್ಯೆಯನ್ನು ಬಿಡಬೇಕಾಗಿಯೇ ಇಲ್ಲ. ವಿಮಾನದೊಳಗಿನ ಕಂಪ್ಯೂಟರುಗಳಿಗೆ ಪ್ರೋಗ್ರಾಮ್ ಬರೆಯುವವರೂ ವಿಮಾನದ ಕೆಲಸದವರೇ. ಬೆಂಗಳೂರಿನಲ್ಲಿ ಈ ಕೆಲಸ ಉಂಟು. ಆದರೆ ಅಲ್ಲಿನ ಶಿಸ್ತು ಬೇರೆ. 2011ರ ಡಿ.ಒ.-178ಸಿ ಎಂಬ ಕಟ್ಟಳೆಯಂತೆ, ತಪ್ಪಿದರೆ ಆಗಬಹುದಾದ ಅನಾಹುತವನ್ನು ನೋಡಿ ಪ್ರೋಗ್ರಾಮುಗಳನ್ನು 'ಎ'ಯಿಂದ 'ಇ'ವರೆಗೆ ಐದು ದರ್ಜೆ ಮಾಡಿದ್ದಾರೆ. ವಿಮಾನವೇ ಬೀಳಬಹುದಾದದ್ದು 'ಎ'. ಅಲ್ಲಿ ಬರೆದದ್ದೆಲ್ಲ ಯಾವ ಅಗತ್ಯಕ್ಕಾಗಿ ಬಂತು, ಹೇಗೆ ಪರೀಕ್ಷಿಸಲಾಯಿತು ಎಂಬುದಕ್ಕೆ ದಾಖಲೆ ಬೇಕು. 'ಇವತ್ತು ಕೊಟ್ಟುಬಿಡೋಣ, ನಾಳೆ ತಿದ್ದೋಣ' ಎಂಬ ಆಫೀಸಿನ ಅಭ್ಯಾಸ ನಡೆಯದು.

ಏಕೆಂದು ಕೇಳುವವರು ಬೋಯಿಂಗ್ 737 ಮ್ಯಾಕ್ಸ್ ವಿಮಾನದ ಕಥೆ ಓದಬೇಕು. 2018ರ ಅಕ್ಟೋಬರ್ 29ರಂದು ಇಂಡೋನೇಷ್ಯದಲ್ಲಿ ಒಂದು, 2019ರ ಮಾರ್ಚ್ 10ರಂದು ಇಥಿಯೋಪಿಯದಲ್ಲಿ ಒಂದು ವಿಮಾನ ಬಿದ್ದು ಅವುಗಳಲ್ಲಿದ್ದ 346 ಜನರೂ ತೀರಿಕೊಂಡರು. ವಿಮಾನದ ಮೂತಿಯನ್ನು ತಾನಾಗಿ ಕೆಳಕ್ಕೆ ಒತ್ತುವ ಪ್ರೋಗ್ರಾಮೊಂದು, ಗಾಳಿಗೆ ರೆಕ್ಕೆ ಎಷ್ಟು ಓರೆಯಾಗಿದೆಯೆಂದು ತಿಳಿಯಲು ಒಂದೇ ಒಂದು ಸಂವೇದಕವನ್ನು ನಂಬಿತ್ತು. ಸಂವೇದಕ ಸುಳ್ಳು ಹೇಳಿತು; ಪ್ರೋಗ್ರಾಮು ಬರೆದಂತೆಯೇ ನಡೆಯಿತು. ಪೈಲಟರು ಮೂತಿಯನ್ನು ಎತ್ತಿದಂತೆಲ್ಲ ಅದು ಮತ್ತೆ ಮತ್ತೆ ಒತ್ತಿತು.

ಇದನ್ನು ಹೇಳಿದಾಗ ನಮ್ಮ ತರುಣರು ಬಹಳ ಹೊತ್ತು ಮಾತಾಡಲಿಲ್ಲ. ಎರಡನೆಯ ದರ್ಜೆಯ ವೈದ್ಯಕೀಯ ಪರೀಕ್ಷೆಗೆ ಈಗ ಹೆಸರು ಕೊಟ್ಟಿದ್ದಾರೆ. ಹೊಲದ ಮಾತು ಸದ್ಯಕ್ಕೆ ನಿಂತಿದೆ.