ಹೆಸರು ಇಲ್ಲಿ, ಕಾರ್ಖಾನೆ ಅಲ್ಲಿ

ಹೆಸರು ನನ್ನದು, ವಿನ್ಯಾಸ ನನ್ನದು, ವೆಲ್ಡಿಂಗ್ ಯಾರು ಮಾಡಿದರೇನು ಮಾವ ಎಂದು ಕೇಳಿದೆಯಲ್ಲಮ್ಮ, ಫೋನಿನಲ್ಲಿ ಅದಕ್ಕೆ ಸರಿಯಾಗಿ ಉತ್ತರ ಹೇಳಲಾಗಲಿಲ್ಲ. ನಿನ್ನ ಸೈಕಲ್ ಫ್ರೇಮುಗಳಿಗೆ ತೈವಾನಿನಿಂದ ಬಂದ ಕೊಟೇಶನ್ ಓದಿದೆ. ದರ ಚೆನ್ನಾಗಿದೆ. ಪರ್ಚೇಸ್ ವಿಭಾಗದಲ್ಲಿ ಆಯುಷ್ಯ ಕಳೆದವನಿಗೆ ಚೆನ್ನಾಗಿರುವ ದರ ಕಂಡರೆ ಮೊದಲು ಹುಟ್ಟುವುದು ಅನುಮಾನ. ಈ ಸಲ ನನಗೆ ದರದ ಬಗ್ಗೆ ತಕರಾರಿಲ್ಲ, ನಿನ್ನ ಆ ಪ್ರಶ್ನೆಯ ಬಗ್ಗೆ ಇದೆ. ಅಮೆರಿಕದ ಶ್ವಿನ್ ಸೈಕಲ್ ಕಂಪನಿಯವರೂ ನಲವತ್ತು ವರ್ಷಗಳ ಹಿಂದೆ ಹೀಗೇ ಯೋಚಿಸಿದರು. ಅವರ ಕಥೆ ಸ್ವಲ್ಪ ಉದ್ದ, ತಾಳ್ಮೆಯಿಂದ ಓದು.

1895ರಲ್ಲಿ ಇಗ್ನಾಜ್ ಶ್ವಿನ್ ಎಂಬ ಜರ್ಮನ್ ವಲಸಿಗ ಶಿಕಾಗೋದಲ್ಲಿ ಅಡಾಲ್ಫ್ ಆರ್ನಾಲ್ಡ್ ಜೊತೆ ಸೇರಿ ಕಟ್ಟಿದ ಕಂಪನಿ ಅದು. ಅಮೆರಿಕದಲ್ಲಿ ತಲೆಮಾರುಗಟ್ಟಲೆ ಮಕ್ಕಳು ಶ್ವಿನ್ ಮೇಲೆಯೇ ಬಿದ್ದು ಎದ್ದು ಸೈಕಲ್ ಕಲಿತರು. ಇಂಥ ಕಂಪನಿಯಲ್ಲಿ 1980ರಲ್ಲಿ ದೊಡ್ಡ ಮುಷ್ಕರವಾಯಿತು. ಕಾರ್ಖಾನೆ ಹಳೆಯದು, ಯಂತ್ರಗಳೂ ಹಳೆಯವು, ಜನ ಕೇಳುತ್ತಿದ್ದ ಹಗುರವಾದ ಸೈಕಲ್ಲುಗಳಿಗೆ ಒಗ್ಗುವಂಥವಲ್ಲ. ಮಾಲೀಕರಿಗೆ ಸುಲಭದ ದಾರಿ ಕಂಡದ್ದು ತೈವಾನಿನಲ್ಲಿ. ತಾಯ್‌ಚುಂಗ್ ಹತ್ತಿರದ ದಾಜಿಯಾ ಎಂಬಲ್ಲಿ ಕಿಂಗ್ ಲಿಯು 1972ರಲ್ಲಿ ಶುರು ಮಾಡಿದ್ದ ಜೈಂಟ್ ಎಂಬ ಕಂಪನಿ ಬೇರೆಯವರ ಹೆಸರಿನ ಸೈಕಲ್ ಮಾಡಿಕೊಟ್ಟು ಬದುಕುತ್ತಿತ್ತು. ಶ್ವಿನ್ ಆರ್ಡರುಗಳು ಅಲ್ಲಿಗೆ ಹೋದವು, ಆರ್ಡರಿನ ಹಿಂದೆಯೇ ಎಂಜಿನಿಯರುಗಳೂ ಹೋದರು. ಫ್ರೇಮು ಹೇಗೆ ನೇರವಾಗಿರಬೇಕು, ಬಣ್ಣ ಹೇಗೆ ಕೂರಬೇಕು, ಏನಿದ್ದರೆ ಮಾಲು ವಾಪಸ್ ಕಳಿಸುತ್ತೇವೆ, ಎಲ್ಲವನ್ನೂ ಕೂತು ಕಲಿಸಿದರು. ಕಲಿಸಿದ್ದು ತಪ್ಪು ಎನ್ನಲಾರೆ. ಗುಣಮಟ್ಟ ಬೇಕೆಂದರೆ ಕಲಿಸಲೇಬೇಕು. ತಾವು ಮಾತ್ರ ಕಲಿಯುವುದನ್ನು ನಿಲ್ಲಿಸಿಬಿಟ್ಟರು. 1983ರಲ್ಲಿ ಶಿಕಾಗೋ ಕಾರ್ಖಾನೆಗೆ ಬೀಗ ಬಿತ್ತು. ಮಿಸಿಸಿಪ್ಪಿಯ ಗ್ರೀನ್‌ವಿಲ್‌ನಲ್ಲಿ ತೆರೆದ ಇನ್ನೊಂದು ಕಾರ್ಖಾನೆ ಹತ್ತು ವರ್ಷ ಏಗಿ 1991ರಲ್ಲಿ ಮುಚ್ಚಿತು. ಅಡುಗೆಮನೆ ಪೂರ್ತಿ ಬಿಟ್ಟುಕೊಟ್ಟು ಬಡಿಸುವ ಸೌಟು ಮಾತ್ರ ಕೈಯಲ್ಲಿಟ್ಟುಕೊಂಡ ಹಾಗಾಯಿತು.

ಜೈಂಟ್‌ನವರು ಕಣ್ಣುಮುಚ್ಚಿ ಕೂತಿರಲಿಲ್ಲ. 1981ರಲ್ಲೇ ತಮ್ಮ ಹೆಸರಿನ ಸೈಕಲ್ ಮಾರಲು ಶುರು ಮಾಡಿದ್ದರು. ಒಬ್ಬನೇ ಗಿರಾಕಿಯನ್ನು ನಂಬಿ ಇಷ್ಟು ದೊಡ್ಡ ಕಾರ್ಖಾನೆ ನಡೆಸಬಾರದೆಂದು ಅವರಿಗೆ ಗೊತ್ತಿತ್ತು. ಶ್ವಿನ್‌ನವರಿಗೂ ಜೈಂಟ್ ಮೇಲೆ ಅತಿಯಾಗಿ ಆತುಕೊಂಡಿದ್ದೇವೆ ಎಂಬ ಭಯ ಹುಟ್ಟಿತು. ಅದಕ್ಕೆ ಅವರು ಕಂಡುಕೊಂಡ ಮದ್ದು ಏನು ಗೊತ್ತೇ? 1987ರಲ್ಲಿ ಚೀನಾದ ಷೆನ್ಜೆನ್‌ನಲ್ಲಿದ್ದ ಇನ್ನೊಂದು ಕಾರ್ಖಾನೆಯಲ್ಲಿ ಪಾಲು ಕೊಂಡದ್ದು! ಅದೇ ಹೊತ್ತಿಗೆ ಜೈಂಟ್ ತನ್ನ ಹೆಸರಿನಲ್ಲೇ ಅಮೆರಿಕಕ್ಕೆ ಬಂದಿಳಿಯಿತು. ಶ್ವಿನ್ ಅಂಗಡಿಗಳ ಪಕ್ಕದಲ್ಲೇ, ಅಷ್ಟೇ ಚೆನ್ನಾಗಿ ಮಾಡಿದ ಸೈಕಲ್, ಕಡಿಮೆ ಬೆಲೆಗೆ. 1992ರಲ್ಲಿ ಶ್ವಿನ್ ದಿವಾಳಿ ಅರ್ಜಿ ಹಾಕಿತು. ಮುಂದಿನ ವರ್ಷ ಕುಟುಂಬದ ಕೈತಪ್ಪಿತು. 2001ರಲ್ಲಿ ಮತ್ತೊಮ್ಮೆ ದಿವಾಳಿ. ಪೆಸಿಫಿಕ್ ಸೈಕಲ್ ಎಂಬ ಕಂಪನಿ ಕೊಂಡಿತು, ಅದನ್ನು ಕೆನಡಾದ ಡೋರೆಲ್ ಕೊಂಡಿತು, 2022ರಲ್ಲಿ ಶ್ವಿನ್ ಹೆಸರು ನೆದರ್ಲೆಂಡ್ಸ್‌ನ ಪೊನ್ ಕೈಗೆ ಹೋಯಿತು. ಕೈ ಬದಲಾದಾಗಲೆಲ್ಲ ಟ್ರೇಡ್‌ಮಾರ್ಕ್ ಕಾಗದ ಮಾತ್ರ ಕ್ರಮಬದ್ಧವಾಗಿಯೇ ಇತ್ತು. ಹೆಸರನ್ನು ಯಾರೂ ಕದಿಯಲಿಲ್ಲ.

ಓಹಾಯೋದ ಹಫಿ ಕಂಪನಿಯದು ಇನ್ನೂ ಚಿಕ್ಕ ಕಥೆ. 1990ರ ದಶಕದ ಕೊನೆಗೆ ಅಮೆರಿಕದ ಕಾರ್ಖಾನೆಗಳನ್ನೆಲ್ಲ ಮುಚ್ಚಿ ಚೀನಾದಿಂದ ತರಿಸತೊಡಗಿತು, 2004ರಲ್ಲಿ ದಿವಾಳಿಯಾಯಿತು, ಮರುವರ್ಷ ಬಾಕಿ ಬರಬೇಕಿದ್ದ ಚೀನೀ ಸರಬರಾಜುದಾರರೇ ಅದರ ಒಡೆಯರಾದರು.

ಹಾಗೆಂದು ತೈವಾನಿಗೆ ಹೋಗಬೇಡ ಎನ್ನುತ್ತಿಲ್ಲ ಕಣಮ್ಮ. ಒಳ್ಳೆಯ ಫ್ರೇಮು, ಫೋರ್ಕು, ಚಕ್ರ ಮಾಡುವವರು ತಾಯ್‌ಚುಂಗ್ ಸುತ್ತಮುತ್ತ ಸಿಕ್ಕಷ್ಟು ಬೇರೆಲ್ಲೂ ಒಟ್ಟಿಗೆ ಸಿಗುವುದು ಕಷ್ಟ. ಕ್ಯಾಲಿಫೋರ್ನಿಯಾದ ಸ್ಪೆಷಲೈಸ್ಡ್ ಕಂಪನಿ 1981ರ ತನ್ನ ಸ್ಟಂಪ್‌ಜಂಪರ್ ಮೌಂಟನ್ ಬೈಕನ್ನು ಜಪಾನಿನಲ್ಲಿ ಮಾಡಿಸಿತು, ಆಮೇಲೆ ತೈವಾನಿನ ಮೆರಿಡಾದಲ್ಲಿ ಮಾಡಿಸಿತು, 2001ರಲ್ಲಿ ಆ ಮೆರಿಡಾ ಸ್ಪೆಷಲೈಸ್ಡ್‌ನಲ್ಲೇ ದೊಡ್ಡ ಪಾಲುದಾರನಾಯಿತು. ಕಂಪನಿ ಮುಳುಗಲಿಲ್ಲ. ಹೊರಗೆ ಮಾಡಿಸಿದರೂ ಸೈಕಲ್ ಹೇಗಿರಬೇಕೆಂಬ ಬುದ್ಧಿಯನ್ನು ಅವರು ಮನೆಯಲ್ಲೇ ಇಟ್ಟುಕೊಂಡರು.

ಅದೇ ಸ್ಪೆಷಲೈಸ್ಡ್ ಹೆಸರಿನ ವಿಷಯದಲ್ಲಿ ಮಾಡಿಕೊಂಡ ಎಡವಟ್ಟನ್ನೂ ಹೇಳುತ್ತೇನೆ, ಯಾಕೆಂದರೆ ನಿಮ್ಮ ವಕೀಲರು ಹೇಳಿದ ‘ಯಾರು ಬಳಸಿದರೂ ನೋಟಿಸ್ ಕಳಿಸೋಣ’ ಎಂಬ ಮಾತು ನನಗೆ ಹಿಡಿಸಲಿಲ್ಲ. ಕೆನಡಾದ ಆಲ್ಬರ್ಟಾ ಪ್ರಾಂತ್ಯದಲ್ಲಿ ಕಾಕ್ರೇನ್ ಎಂಬ ಚಿಕ್ಕ ಊರು. ಅಫ್ಘಾನಿಸ್ತಾನದಲ್ಲಿ ಸೇವೆ ಸಲ್ಲಿಸಿದ್ದ ಒಬ್ಬ ಮಾಜಿ ಸೈನಿಕ ಅಲ್ಲಿ ‘ಕೆಫೆ ರೂಬೇ’ ಎಂಬ ಸೈಕಲ್ ಅಂಗಡಿ ಇಟ್ಟಿದ್ದ. ರೂಬೇ ಫ್ರಾನ್ಸಿನ ಉತ್ತರದ ಒಂದು ಊರು. 1896ರಿಂದ ನಡೆದುಬಂದಿರುವ ಪ್ಯಾರಿಸ್-ರೂಬೇ ರೇಸ್ ಮುಗಿಯುವುದು ಅಲ್ಲೇ. ಕಲ್ಲು ಹಾಸಿದ ಹಳೇ ರಸ್ತೆಗಳ ಮೇಲೆ ಎಲುಬು ಅಲುಗಾಡಿಸುವ ರೇಸದು. ಸೈಕಲ್ ಹುಚ್ಚಿರುವ ಯಾರಿಗೂ ಆ ಹೆಸರು ಪ್ರಿಯ. ಸ್ಪೆಷಲೈಸ್ಡ್‌ನಲ್ಲಿ ರೂಬೇ ಎಂಬ ಒಂದು ಮಾದರಿಯಿತ್ತು, ಕೆನಡಾದಲ್ಲಿ ಹೆಸರನ್ನು ನೋಂದಾಯಿಸಿಯೂ ಇದ್ದರು. ಅಂಗಡಿಯ ಹೆಸರು ಬದಲಿಸು ಎಂದು ಕಾಗದ ಹೋಯಿತು. ಕೋರ್ಟಿಗೆ ಹೋಗುವಷ್ಟು ದುಡ್ಡು ಆತನ ಹತ್ತಿರ ಇರಲಿಲ್ಲ. 2013ರ ಡಿಸೆಂಬರಿನಲ್ಲಿ ಸುದ್ದಿ ಪತ್ರಿಕೆಗೆ ಬಂತು, ಊರೂರಿನ ಸೈಕಲ್ ಸವಾರರು ಕಂಪನಿಯ ಮೇಲೆ ಮುಗಿಬಿದ್ದರು.

ಆಮೇಲಿನದು ಸ್ವಾರಸ್ಯದ ಭಾಗ. ಆಗ ಫ್ಯೂಜಿ ಸೈಕಲ್ಲುಗಳ ಒಡೆತನ ಹೊಂದಿದ್ದ ಅಡ್ವಾನ್ಸ್ಡ್ ಸ್ಪೋರ್ಟ್ಸ್ ಎಂಬ ಕಂಪನಿ ಎದ್ದು ನಿಂತು, ರೂಬೇ ಹೆಸರಿನ ಒಡೆಯರು ನಾವು, 2003ರಿಂದ ಸ್ಪೆಷಲೈಸ್ಡ್‌ಗೆ ನಾವೇ ಲೈಸೆನ್ಸ್ ಕೊಟ್ಟಿದ್ದೇವೆ, ಆ ಅಂಗಡಿಯವರ ಮೇಲೆ ನಮಗೇನೂ ತಕರಾರಿಲ್ಲ ಎಂದಿತು. ಬೆದರಿಸಲು ಹೋದವರೇ ಬಾಡಿಗೆದಾರರು! ಕೊನೆಗೆ ಸ್ಪೆಷಲೈಸ್ಡ್ ಸ್ಥಾಪಕ ಮೈಕ್ ಸಿನ್ಯಾರ್ಡ್ ಸ್ವತಃ ಕಾಕ್ರೇನ್‌ಗೆ ಹೋಗಿ ಆ ಅಂಗಡಿಯಲ್ಲಿ ನಿಂತು ಕ್ಷಮೆ ಕೇಳಿದರು. ಅದರ ಹಿಂದಿನ ವರ್ಷವೇ ಇದೇ ಕಂಪನಿ ತನ್ನಿಂದ ಬಿಟ್ಟುಹೋಗಿ ವೊಲಾಗಿ ಎಂಬ ಸೈಕಲ್ ಶುರು ಮಾಡಿದ್ದ ಇಬ್ಬರ ಮೇಲೆ ಕೇಸು ನಡೆಸಿ, ಜ್ಯೂರಿಯಿಂದ ಗೆದ್ದು ತಂದ ಪರಿಹಾರ ಒಂದೇ ಒಂದು ಡಾಲರ್. ವಕೀಲರ ಫೀಸು ಎಷ್ಟಾಗಿತ್ತೆಂದು ನೀನೇ ಊಹಿಸಿಕೋ.

ನೀವು ಮೂವರು ಪಾಲುದಾರರೂ ಸೇರಿ ನಿಮ್ಮ ಸೈಕಲ್ಲಿಗೆ ಇಡಬೇಕೆಂದಿರುವ ‘ನಂದಿ’ ಎಂಬ ಹೆಸರು ನಮ್ಮ ರೂಬೇ. ಭಾನುವಾರ ಬೆಳಕು ಹರಿಯುವ ಮೊದಲೇ ಬೆಂಗಳೂರಿನಿಂದ ನಂದಿ ಬೆಟ್ಟಕ್ಕೆ ಸೈಕಲ್ ತುಳಿಯುವವರೆಲ್ಲ ಅದನ್ನು ತಮ್ಮದೆಂದೇ ತಿಳಿದಿದ್ದಾರೆ. ಅಲ್ಲಿ ಯಾರೋ ಒಂದು ‘ನಂದಿ ಸೈಕಲ್ ಕೆಫೆ’ ತೆರೆದರೆ ನೀನು ನೋಟಿಸ್ ಕಳಿಸುತ್ತೀಯಾ? ಹಾಲಿನ ನಂದಿನಿಯ ವ್ಯಾಜ್ಯ ಒಮ್ಮೆ ಓದು. ಕರ್ನಾಟಕ ಹಾಲು ಮಹಾಮಂಡಳ ಕೆಎಂಎಫ್ 1985ರಿಂದ ಆ ಹೆಸರು ಬಳಸುತ್ತಿತ್ತು, ನಂದಿನಿ ಡಿಲಕ್ಸ್ ಹೋಟೆಲಿನವರು 1989ರಿಂದ. ಮೊಕದ್ದಮೆ ಸುಪ್ರೀಂ ಕೋರ್ಟಿನ ತನಕ ಹೋಗಿ 2018ರಲ್ಲಿ ಹೋಟೆಲಿನವರ ಪರವಾಗಿ ತೀರ್ಮಾನವಾಯಿತು. ಲಾಂಛನ ಬೇರೆ, ಸರಕು ಬೇರೆ, ಜನ ಮೋಸಹೋಗುವುದಿಲ್ಲ, ಮೇಲಾಗಿ ನಂದಿನಿ ಪುರಾಣದ ಹೆಸರು, ಯಾರೊಬ್ಬರೂ ಹುಟ್ಟಿಸಿದ್ದಲ್ಲ ಎಂಬುದು ಕೋರ್ಟಿನ ನೋಟ. ಎಲ್ಲರಿಗೂ ಸೇರಿದ ಹೆಸರನ್ನು ಆರಿಸಿಕೊಂಡರೆ ಹಂಚಿಕೊಳ್ಳುವ ಮನಸ್ಸೂ ಇರಬೇಕು. ಇಲ್ಲವೆಂದರೆ ಎಲ್ಲೂ ಇಲ್ಲದ ಹೊಸ ಹೆಸರೊಂದನ್ನು ಕಟ್ಟು. ಇನ್ನೊಂದು, ನಿಮ್ಮ ವಕೀಲರಿಗೆ ಗೊತ್ತಿರುತ್ತದೆ, ಆದರೂ ಹೇಳುತ್ತೇನೆ: 1999ರ ನಮ್ಮ ಟ್ರೇಡ್‌ಮಾರ್ಕ್ ಕಾಯಿದೆಯ 142ನೇ ಕಲಮಿನ ಪ್ರಕಾರ, ಆಧಾರವಿಲ್ಲದೆ ಬೆದರಿಸಿದವರ ಮೇಲೆ ಬೆದರಿಕೆಗೆ ಒಳಗಾದವರೇ ದಾವೆ ಹೂಡಬಹುದು.

ನೋಂದಣಿಯ ಬಗ್ಗೆ ಉದಾಸೀನ ಮಾಡಬೇಡ ಮತ್ತೆ. ಇಲ್ಲಿ ಸೈಕಲ್ಲು ಸೇರುವ 12ನೇ ವರ್ಗದಲ್ಲಿ ಅರ್ಜಿ ಹಾಕಿದ್ದೀಯ, ಒಳ್ಳೆಯದಾಯಿತು. ಆದರೆ ಅದು ಇಲ್ಲಿಗಷ್ಟೇ. ನಮ್ಮಲ್ಲಿ ಮೊದಲು ಬಳಸಿದವರಿಗೆ ಬೆಲೆ ಇದೆ, ತೈವಾನ್ ಚೀನಾಗಳಲ್ಲಿ ಸಾಮಾನ್ಯವಾಗಿ ಮೊದಲು ಅರ್ಜಿ ಹಾಕಿದವರಿಗೆ. ಅಲ್ಲಿ ಮಾರುವುದಿಲ್ಲ, ಬರೀ ಮಾಡಿಸಿಕೊಂಡು ತರುತ್ತೇನೆ ಎನ್ನುತ್ತೀಯೇನೋ. ಚೀನಾದಲ್ಲಿ ಒಂದು ಕಾರ್ಖಾನೆ ಮ್ಯಾನ್ಮಾರಿನ ಕಂಪನಿಗಾಗಿ ‘ಹೊಂಡಾಕಿಟ್’ ಹೆಸರಿನ ಮೋಟರ್‌ಸೈಕಲ್ ಮಾಡಿಕೊಡುತ್ತಿತ್ತು. ಎಲ್ಲವೂ ರಫ್ತಿಗೆ, ಚೀನಾದ ಅಂಗಡಿಗೆ ಒಂದೂ ಇಲ್ಲ. ಆದರೂ 2019ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ಅದು ಹೊಂಡಾ ಟ್ರೇಡ್‌ಮಾರ್ಕಿನ ಉಲ್ಲಂಘನೆ ಎಂದಿತು. ಅಂದರೆ ನಿನ್ನ ಹೆಸರನ್ನು ಅಲ್ಲಿ ಮತ್ತೊಬ್ಬರು ಮೊದಲೇ ಬರೆಸಿಕೊಂಡಿದ್ದರೆ, ನಿನ್ನ ಫ್ರೇಮುಗಳು ಅವರದೇ ಬಂದರಿನಲ್ಲಿ ಸಿಕ್ಕಿಬೀಳಬಹುದು. 2013ರಿಂದ ಭಾರತ ಮ್ಯಾಡ್ರಿಡ್ ಒಪ್ಪಂದದಲ್ಲಿದೆ, ಇಲ್ಲಿಂದಲೇ ಹಲವು ದೇಶಗಳಿಗೆ ಒಂದೇ ಅರ್ಜಿ ಹಾಕಬಹುದು, ಚೀನಾಕ್ಕೂ. ತೈವಾನ್ ಮಾತ್ರ ಅದರಲ್ಲಿಲ್ಲ. ಅಲ್ಲಿ ಏಜೆಂಟರನ್ನು ಹಿಡಿದು ಬೇರೆಯಾಗಿಯೇ ಹಾಕಿಸಬೇಕು. ಅರ್ಜಿ ನಿನ್ನ ಕಂಪನಿಯ ಹೆಸರಿನಲ್ಲಿರಲಿ. ನಾವೇ ಮಾಡಿಸಿಕೊಡುತ್ತೇವೆ ಎಂದು ಕಾರ್ಖಾನೆಯವರು ಎಷ್ಟೇ ನಯವಾಗಿ ಹೇಳಿದರೂ ಕೊಡಬೇಡ.

ಒಂದೊಂದು ದೇಶಕ್ಕೂ ಹೆಸರಿನ ಹಕ್ಕು ಬೇರೆ ಎಂಬುದಕ್ಕೆ ದೂರ ಹೋಗಬೇಕಿಲ್ಲ. ನಿಮ್ಮ ಅಜ್ಜ ಓಡಿಸುತ್ತಿದ್ದ ಹರ್ಕ್ಯುಲಿಸ್, ನಾನು ಕಾಲೇಜಿಗೆ ಹೋದ ಬಿಎಸ್ಎ, ಎರಡೂ ಬರ್ಮಿಂಗ್‌ಹ್ಯಾಮಿನ ಹೆಸರುಗಳು. 1949ರಲ್ಲಿ ಮದರಾಸಿನಲ್ಲಿ ಶುರುವಾದ ಟಿಐ ಸೈಕಲ್ಸ್ ಕೈಗೆ ಬಂದು, ಹುಟ್ಟೂರಿನ ಕಾರ್ಖಾನೆಗಳು ಇಲ್ಲವಾದ ಮೇಲೂ ಇಲ್ಲಿ ಬದುಕಿವೆ. ಅವುಗಳನ್ನು ಇಲ್ಲೇ ಮಾಡುತ್ತಿದ್ದರಲ್ಲ.

ಆಕಾರವನ್ನು ಕಾಪಾಡಿಕೊಳ್ಳುವುದು ಹೆಸರಿಗಿಂತ ಕಷ್ಟ. ಲಂಡನ್ನಿನ ಬ್ರಾಂಪ್ಟನ್ ಮಡಚುವ ಸೈಕಲ್ಲಿನವರು ಒಂದು ಕಾಲಕ್ಕೆ ತೈವಾನಿನ ನಿಯೋಬೈಕ್‌ಗೆ ಲೈಸೆನ್ಸ್ ಕೊಟ್ಟಿದ್ದರು. ಒಪ್ಪಂದ ಮುಗಿದ ಮೇಲೂ ಅದೇ ರೂಪದ ಸೈಕಲ್ಲುಗಳು ಬೇರೆ ಬೇರೆ ಹೆಸರು ಹೊತ್ತು ಯುರೋಪಿನ ಅಂಗಡಿಗಳಿಗೆ ಬಂದವು. ಪೇಟೆಂಟಿನ ಅವಧಿ ತೀರಿತ್ತು. ಕೊರಿಯಾದ ಒಂದು ಕಂಪನಿಯ ಮೇಲೆ ಬ್ರಾಂಪ್ಟನ್ ಹಾಕಿದ ಕೇಸಿನಲ್ಲಿ 2020ರ ಜೂನ್‌ನಲ್ಲಿ ಯುರೋಪಿನ ನ್ಯಾಯಾಲಯ, ಮಡಚಲು ಅಗತ್ಯವಾದ ಆಕಾರವಾದರೂ ಅದರಲ್ಲಿ ವಿನ್ಯಾಸಕನ ಸ್ವಂತ ಸೃಜನದ ಆಯ್ಕೆಗಳು ಕಂಡರೆ ಕೃತಿಸ್ವಾಮ್ಯ ಸಿಗಬಹುದು ಎಂದಿತು. ‘ಬಹುದು’ ಅಷ್ಟೇ, ಗಮನಿಸು. ಅದರ ಮೇಲೆ ವ್ಯಾಪಾರ ಕಟ್ಟಲಾಗದು. ಕಾರ್ಬನ್ ಫೋರ್ಕಿನ ಮೋಲ್ಡಿಗೆ ನೀನು ದುಡ್ಡು ಕೊಡುತ್ತಿದ್ದೀಯ ತಾನೆ? ಮೋಲ್ಡ್ ನಿನ್ನ ಸ್ವತ್ತು, ಬೇರೆಯವರಿಗೆ ಅದರಲ್ಲಿ ಮಾಡಿಕೊಡುವಂತಿಲ್ಲ, ಕೇಳಿದಾಗ ವಾಪಸ್ ಕೊಡಬೇಕು ಎಂದು ಕರಾರಿನಲ್ಲಿ ಬರೆಸು. ಅಲ್ಯೂಮಿನಿಯಂ ಫ್ರೇಮಿಗೆ 6061 ಮಿಶ್ರಲೋಹ ಬಳಸುತ್ತಾರಂತೆ. ವೆಲ್ಡಿಂಗ್ ಆದ ಮೇಲೆ ಅದನ್ನು ಕಾಯಿಸಿ ತಣಿಸಿ ಹದ ಮಾಡದಿದ್ದರೆ ಜೋಡಿಸಿದ ಜಾಗದಲ್ಲಿ ಬಲವಿರುವುದಿಲ್ಲ, ಬಣ್ಣ ಹಚ್ಚಿದ ಮೇಲೆ ಆ ಕೊರತೆ ಯಾರ ಕಣ್ಣಿಗೂ ಬೀಳುವುದಿಲ್ಲ. ಪ್ರತಿ ಬ್ಯಾಚಿನ ಹೀಟ್ ಟ್ರೀಟ್‌ಮೆಂಟ್ ದಾಖಲೆ, ಐಎಸ್ಒ 4210 ಪರೀಕ್ಷೆಯ ವರದಿ ಎರಡನ್ನೂ ಫ್ರೇಮಿನ ಸೀರಿಯಲ್ ನಂಬರಿಗೆ ತಾಳೆ ಹಾಕಿ ಇಟ್ಟುಕೋ.

ಇನ್ನು ನಿಮ್ಮ ಮೂವರ ಮಾತು. ಡೇವಿಡ್ ಹಾನ್ ಎಂಬ ಲೇಸರ್ ವಿಜ್ಞಾನಿ ಕೆಲಸ ಬಿಟ್ಟು 1982ರಲ್ಲಿ ದಾಹೊನ್ ಎಂಬ ಮಡಚುವ ಸೈಕಲ್ ಕಂಪನಿ ಶುರು ಮಾಡಿದರು, ತೈವಾನಿನಲ್ಲಿ ಕಾರ್ಖಾನೆ ಹಾಕಿದರು, ಹೆಂಡತಿ ಮಗ ಇಬ್ಬರೂ ಕೈಜೋಡಿಸಿದರು. 2011ರಲ್ಲಿ ಆ ಹೆಂಡತಿ ಮಗ ಹೊರಬಂದು ಟರ್ನ್ ಎಂಬ ಹೆಸರಿನಲ್ಲಿ ಮಡಚುವ ಸೈಕಲ್ಲನ್ನೇ ಮಾಡತೊಡಗಿದರು. ಹೆಸರು ಯಾರದು, ವಿನ್ಯಾಸ ಯಾರದು, ಡೀಲರುಗಳು ಯಾರ ಕಡೆ ಎಂದು ಕೋರ್ಟು ಹತ್ತಿದರು. ಎರಡು ವರ್ಷ ಕಳೆದ ಮೇಲೆ ರಾಜಿಯಾಯಿತು. ಗಂಡ ಹೆಂಡತಿ ಮಗನ ನಡುವೆಯೇ ಹೀಗಾದರೆ, ನೀವು ಒಂದೇ ಹಾಸ್ಟೆಲಿನಲ್ಲಿ ಊಟ ಮಾಡಿದವರು ಎಂಬ ಧೈರ್ಯ ಎಷ್ಟು ದಿನದ್ದು? ಒಬ್ಬರು ಬಿಟ್ಟುಹೋದರೆ ಹೆಸರು ಯಾರಿಗೆ, ಡ್ರಾಯಿಂಗುಗಳು ಯಾರಿಗೆ ಎಂದು ಈಗಲೇ ಬರೆದು ಸಹಿ ಹಾಕಿಕೊಳ್ಳಿ. ಜಗಳವಿಲ್ಲದಾಗ ಬರೆದರೆ ಎರಡೇ ಪುಟದಲ್ಲಿ ಮುಗಿಯುತ್ತದೆ.

ಕೆಲಸದ ಮಾತಿಗೆ ಬರುತ್ತೇನೆ. ಫ್ರೇಮುಗಳು ತೈವಾನಿನಿಂದಲೇ ಬರಲಿ, ಆದರೆ ಮೊದಲ ಮಾದರಿಗಳನ್ನು ಇಲ್ಲೇ ನಿನ್ನ ಕಣ್ಣೆದುರೇ ಮಾಡಿಸು. ಕ್ರೋಮೋಲಿ ಸ್ಟೀಲ್ ಕೊಳವೆ ತರಿಸು, ವೆಲ್ಡಿಂಗ್ ಆದ ಮೇಲೆ ಅಲ್ಯೂಮಿನಿಯಂನಷ್ಟು ಹದದ ತಾಪತ್ರಯ ಅದಕ್ಕಿಲ್ಲ. ವೆಲ್ಡಿಂಗಿಗೆ ಕೊಳವೆಗಳನ್ನು ಹಿಡಿದಿಡುವ ಒಂದು ಜಿಗ್ ಮಾಡಿಸು, ಕೋನ ಅರ್ಧ ಡಿಗ್ರಿ ಬದಲಿಸಿ ಓಡಿಸಿ ನೋಡು, ಮತ್ತೆ ಬದಲಿಸು. ಆ ಜಿಗ್ ಮಾತ್ರ ಯಾವ ಕಾಲಕ್ಕೂ ಮಾರಬೇಡ. ಪೀಣ್ಯ ಎರಡನೇ ಹಂತದಲ್ಲಿ ಟಿಗ್ ವೆಲ್ಡಿಂಗ್ ಚೆನ್ನಾಗಿ ಬಲ್ಲ ಇಬ್ಬರು ನನಗೆ ಪರಿಚಯ. ತೆಳು ಕೊಳವೆಯ ಕೆಲಸ ಎಂದರೆ ಮೊದಲು ರಾಗ ಎಳೆಯುತ್ತಾರೆ, ಡ್ರಾಯಿಂಗ್ ಕೈಗಿಟ್ಟರೆ ಒಪ್ಪುತ್ತಾರೆ. ಬುಧವಾರ ಬಿಟ್ಟು ಯಾವತ್ತಾದರೂ ಬಾ, ಕರೆದುಕೊಂಡು ಹೋಗುತ್ತೇನೆ.